ಸಬ್‌ಮರೀನ್ ಡೆಕ್ ಮೇಲಿನ ತೋಪು: ಮನೆಯಲ್ಲೇ ಮಾದರಿ ಮಾಡುವ ಬಗೆ

ಕಲಬುರಗಿ ಕೋಟೆಗೆ ಹೋದವರೆಲ್ಲ ಬಾರಾ ಗಜಿ ತೋಪಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಚಿಕ್ಕವನಿದ್ದಾಗ ತೆಗೆಸಿಕೊಂಡಿದ್ದೇನೆ. ಬಿಸಿಲಿಗೆ ಕಾದ ಆ ಲೋಹದ ಮೇಲೆ ಕೈ ಇಟ್ಟರೆ ಚುರುಕ್ ಎನ್ನುತ್ತಿತ್ತು. ಹಾಗಾಗಿ ತೋಪು ಅಂದರೆ ಬಿಸಿಲಲ್ಲಿ, ಒಣ ಜಾಗದಲ್ಲಿ ಇರುವ ವಸ್ತು ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಉಪ್ಪು ನೀರಲ್ಲಿ ಗಂಟೆಗಟ್ಟಲೆ ಮುಳುಗಿದ್ದು, ಮೇಲೆ ಬಂದ ಕೂಡಲೇ, ಮೈಯಿಂದ ನೀರು ಸುರಿಯುತ್ತಿರುವಾಗಲೇ ಗುಂಡು ಹಾರಿಸಬೇಕಾದ ತೋಪೂ ಇತ್ತು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದಿನಿಂದ ಅದರ ಮಾದರಿ ಮಾಡುವುದೇ ನನ್ನ ಬಿಡುವಿನ ಕೆಲಸ.

ಒಮ್ಮೆ ಕೋಣಾರ್ಕ್ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕೆ ಹೋಗಿ, ಅಲ್ಲಿ ದಂಡೆಯ ಮೇಲೆ ನಿಲ್ಲಿಸಿರುವ ಐಎನ್‌ಎಸ್ ಕುರ್ಸುರಾ ಸಬ್‌ಮರೀನ್ ನೋಡಿ ಬಂದೆ. ಡೆಕ್ ಮೇಲೆ, ಅಂದರೆ ಅದರ ಬೆನ್ನಿನ ಸಮತಟ್ಟು ಜಾಗದಲ್ಲಿ, ತೋಪು ಹುಡುಕಿದೆ. ಇರಲಿಲ್ಲ. ಕುರ್ಸುರಾ ನೌಕಾಪಡೆಗೆ ಸೇರಿದ್ದು 1969ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನ ಸಬ್‌ಮರೀನ್‌ಗಳು ಡೆಕ್ ಗನ್ ಬಿಟ್ಟು ಬಹಳ ಕಾಲವಾಗಿತ್ತು. ಡೆಕ್ ಗನ್ ಬೇಕೆಂದರೆ ಎರಡನೇ ಮಹಾಯುದ್ಧಕ್ಕೇ ಹೋಗಬೇಕು.

ನಾವು ಇಲ್ಲಿ ಮಾಡುವುದು ಜರ್ಮನಿಯ ಟೈಪ್ 7ಸಿ ಸಬ್‌ಮರೀನ್‌ನ 88 ಮಿ.ಮೀ ತೋಪು. ಅದರ ಹೆಸರು 8.8 ಸೆಂ.ಮೀ ಎಸ್‌ಕೆ ಸಿ/35. ಕೊನೆಯ 35 ಅಂದರೆ 1935ರ ವಿನ್ಯಾಸ. ಆ ಸಬ್‌ಮರೀನ್ ಹೊತ್ತೊಯ್ಯುತ್ತಿದ್ದದ್ದು 14 ಟಾರ್ಪಿಡೊ ಮಾತ್ರ. ರಕ್ಷಣೆ ಇಲ್ಲದ ಒಂಟಿ ಸರಕು ಹಡಗು ಎದುರಾದರೆ ಅದಕ್ಕೆ ಟಾರ್ಪಿಡೊ ಖರ್ಚು ಮಾಡದೆ ತೋಪಿನಲ್ಲೇ ಮುಗಿಸುತ್ತಿದ್ದರು. ರೇಡಾರ್ ಇರುವ ವಿಮಾನಗಳು ಬಂದ ಮೇಲೆ ನೀರಿನ ಮೇಲೆ ಬಂದು ನಿಲ್ಲುವುದೇ ಅಪಾಯವಾಯಿತು. 1943ರ ಹೊತ್ತಿಗೆ ಹೆಚ್ಚಿನ ಸಬ್‌ಮರೀನ್‌ಗಳಿಂದ ಈ ತೋಪನ್ನು ಬಿಚ್ಚಿ ತೆಗೆದರು. ಈ ಕಾರಣಕ್ಕೇ ಜರ್ಮನಿಯ ಲಾಬೋದಲ್ಲಿ ಇಟ್ಟಿರುವ ಯು-995 ಸಬ್‌ಮರೀನ್‌ನ ಫೋಟೊ ನೋಡಿ ತೋಪು ಮಾಡುತ್ತೇನೆ ಎಂದರೆ ಆಗುವುದಿಲ್ಲ. ಅದರ ಮೇಲೆ ಈ ತೋಪಿಲ್ಲ. ಯುದ್ಧಕಾಲದ ಹಳೆಯ ಕಪ್ಪು ಬಿಳುಪು ಫೋಟೊಗಳೇ ನಮಗೆ ಗತಿ.

ಮೊದಲು ಒಂದು ನಿಮಿಷವನ್ನು ಆರಿಸಿಕೊಳ್ಳಿ

ಸಾಮಾನು ತರುವ ಮೊದಲು ಇದನ್ನು ತೀರ್ಮಾನಿಸಿ: ನಿಮ್ಮ ತೋಪು ಯಾವ ನಿಮಿಷದಲ್ಲಿ ಇದೆ? ಸಬ್‌ಮರೀನ್ ಈಗಷ್ಟೇ ನೀರಿನಿಂದ ಎದ್ದಿದೆಯೋ, ಅಥವಾ ಗುಂಡು ಹಾರಿಸುತ್ತಿದೆಯೋ?

ಎದ್ದ ತಕ್ಷಣವಾದರೆ ನಳಿಗೆಯ ಬಾಯಿಗೆ ಬಿರಡೆ ಇರಬೇಕು. ಇದಕ್ಕೆ ಟ್ಯಾಂಪಿಯನ್ ಎನ್ನುತ್ತಾರೆ. ನೀರು ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ. ಗುರಿ ನೋಡುವ ದುರ್ಬೀನು ತೋಪಿನ ಮೇಲೆ ಇರಬಾರದು, ಏಕೆಂದರೆ ಅದನ್ನು ಸಬ್‌ಮರೀನ್ ಒಳಗಿಟ್ಟು, ಬೇಕಾದಾಗ ಮೇಲೆ ತಂದು ಕೂರಿಸುತ್ತಿದ್ದರು. ನಳಿಗೆ ಮುಂದಕ್ಕೆ, ನೆಟ್ಟಗೆ ಇರುತ್ತದೆ. ಎಲ್ಲ ಕಡೆ ನೀರು. ಗುಂಡು ಹಾರಿಸುವಾಗಾದರೆ ಬಿರಡೆ ತೆಗೆದಿರಬೇಕು, ದುರ್ಬೀನು ಕೂತಿರಬೇಕು, ಗುಂಡು ತುರುಕುವ ಹಿಂಬದಿ, ಅಂದರೆ ಬ್ರೀಚ್, ತೆರೆದಿರಬೇಕು, ಡೆಕ್ ಮೇಲೆ ಖಾಲಿ ಹಿತ್ತಾಳೆ ಕಾಡತೂಸುಗಳು ಬಿದ್ದಿರಬೇಕು. ಬಿರಡೆ ಇರುವ ನಳಿಗೆ, ಪಕ್ಕದಲ್ಲಿ ಗುಂಡು ಹಿಡಿದು ನಿಂತ ನಾವಿಕ – ಎರಡೂ ಒಟ್ಟಿಗೆ ಇರುವ ಮಾದರಿಗಳನ್ನು ಬಹಳ ನೋಡಿದ್ದೇನೆ. ಎಷ್ಟು ಚೆನ್ನಾಗಿ ಬಣ್ಣ ಹೊಡೆದಿದ್ದರೂ ಅದು ತಪ್ಪು ಮಾದರಿಯೇ.

ಮೊದಲ ಸಲ ಮಾಡುವವರು ಈಗಷ್ಟೇ ಎದ್ದ ತೋಪನ್ನೇ ಆರಿಸಿ. ದುರ್ಬೀನು ಮಾಡುವ ಕೆಲಸ ತಪ್ಪುತ್ತದೆ. ನನಗೆ ಅದೇ ಇಷ್ಟ ಕೂಡ. ಮುಂದಿನ ಹಂತಗಳೆಲ್ಲ ಆ ನಿಮಿಷಕ್ಕೇ ಹೊಂದುವಂತೆ ಬರೆದಿದ್ದೇನೆ.

ಅಳತೆ

ನಾನು ಒಪ್ಪುವ ಅಳತೆ 1:20, ಅಂದರೆ ನಿಜದ 20 ಮಿ.ಮೀ ಮಾದರಿಯಲ್ಲಿ 1 ಮಿ.ಮೀ. ಲೆಕ್ಕ ಸುಲಭ, ಕೈಗೆ ಸಿಗುವ ಸಾಮಾನು ಹೊಂದುತ್ತದೆ, ಸಣ್ಣ ಭಾಗಗಳೂ ಬೆರಳಿಗೆ ಸಿಗುತ್ತವೆ.

ಈ ತೋಪು 45 ಕ್ಯಾಲಿಬರ್ ಉದ್ದ. ಅಂದರೆ ನಳಿಗೆಯ ಒಳವ್ಯಾಸದ 45 ಪಟ್ಟು. 88ನ್ನು 45ರಿಂದ ಗುಣಿಸಿದರೆ 3960 ಮಿ.ಮೀ. ಜರ್ಮನ್ ನೌಕಾಪಡೆಯ ಲೆಕ್ಕದಲ್ಲಿ ಇದು ಬಾಯಿಯಿಂದ ಬ್ರೀಚ್‌ನ ಹಿಂಬದಿಯವರೆಗಿನ ಉದ್ದ. 20ರಿಂದ ಭಾಗಿಸಿದರೆ 198 ಮಿ.ಮೀ. ಒಳವ್ಯಾಸ 4.4 ಮಿ.ಮೀ. ಇದೇ ತೋಪು 1:35ರಲ್ಲಿ 113 ಮಿ.ಮೀ, 1:72ರಲ್ಲಿ 55 ಮಿ.ಮೀ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜರ್ಮನಿಯ 88 ಎಂದರೆ ಎಲ್ಲರಿಗೂ ನೆನಪಾಗುವುದು ನೆಲದ ಮೇಲಿನ ವಿಮಾನ ಹೊಡೆಯುವ ತೋಪು, ಫ್ಲಾಕ್ 36. ಅದೂ 88 ಮಿ.ಮೀ. ಆದರೆ ಅದು 56 ಕ್ಯಾಲಿಬರ್ ಉದ್ದ. ಅದರ ಗುಂಡು ಇದಕ್ಕೆ ಹೋಗುವುದಿಲ್ಲ, ಇದರದು ಅದಕ್ಕೆ ಹೋಗುವುದಿಲ್ಲ. ಎರಡೂ ಬೇರೆ ಬೇರೆ ತೋಪುಗಳೇ. ನಾನು ಒಮ್ಮೆ 1:35ರ ಮಾದರಿಗೆಂದು ಆನ್‌ಲೈನ್‌ನಲ್ಲಿ ಲೋಹದ ನಳಿಗೆ ತರಿಸಿದೆ. ಮಾರುವವರು ಬರೆದದ್ದು ‘ಜರ್ಮನ್ 88’ ಎಂದು ಇಷ್ಟೇ. ಬಂದ ಮೇಲೆ ಅಳೆದರೆ 14 ಸೆಂ.ಮೀ. ನಮಗೆ ಬೇಕಾದದ್ದು 11 ಚಿಲ್ಲರೆ. ಕತ್ತರಿಸಿ ಹಾಕಿದರೂ ನಳಿಗೆ ಇಳಿಜಾರಾಗುವ ರೀತಿಯೇ ಬೇರೆ. ಅದನ್ನು ಇನ್ನೂ ಡಬ್ಬಿಯಲ್ಲೇ ಇಟ್ಟಿದ್ದೇನೆ. ತರಿಸುವ ಮೊದಲು ಉದ್ದ ಎಷ್ಟು ಎಂದು ಕೇಳಿ.

ಉಳಿದ ಭಾಗಗಳ ಅಳತೆ ಫೋಟೊದಿಂದಲೇ ತೆಗೆಯಬೇಕು. ತೋಪನ್ನು ಸರಿಯಾಗಿ ಪಕ್ಕದಿಂದ ತೆಗೆದ ಒಂದು ಫೋಟೊ ಹುಡುಕಿ, ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ನಳಿಗೆಯ ಪೂರ್ತಿ ಉದ್ದ ಅಳೆಯಿರಿ. ಅದು 132 ಮಿ.ಮೀ ಬಂತು ಅಂದುಕೊಳ್ಳಿ. 198ನ್ನು 132ರಿಂದ ಭಾಗಿಸಿದರೆ 1.5. ಇನ್ನು ಆ ಫೋಟೊದಲ್ಲಿ ಏನೇ ಅಳೆದರೂ 1.5ರಿಂದ ಗುಣಿಸಿದರೆ ಮಾದರಿಯ ಅಳತೆ ಸಿಗುತ್ತದೆ. ತೋಪು ತಿರುಗಿಸುವ ಕೈಚಕ್ರ 10 ಮಿ.ಮೀ ಇದ್ದರೆ ಮಾದರಿಯಲ್ಲಿ 15. ಕ್ಯಾಮೆರಾಕ್ಕೆ ಹತ್ತಿರ ಇರುವ ಭಾಗ ದೊಡ್ಡದಾಗಿ ಕಾಣುತ್ತದೆ, ಅದಕ್ಕಾಗಿ ಎರಡು ಮೂರು ಫೋಟೊಗಳಲ್ಲಿ ಅಳೆದು ಹೋಲಿಸಿ ನೋಡಿ. ಒಂದು ಸಂಜೆ ಪೂರ್ತಿ ಇದಕ್ಕೇ ಕೊಡಿ. ಈ ಸಂಜೆ ಉಳಿಸಿದವರು ಮುಂದೆ ಒಂದು ವಾರ ಕಳೆದುಕೊಳ್ಳುತ್ತಾರೆ.

ಸಾಮಾನು ಎಲ್ಲಿ ಸಿಗುತ್ತದೆ

ಕಲಬುರಗಿಯಲ್ಲಿ ಮಾದರಿ ಮಾಡುವವರಿಗೇ ಅಂತ ಅಂಗಡಿ ನಾನು ಕಂಡಿಲ್ಲ. ಆದರೆ ಬೇಕಾದ್ದೆಲ್ಲ ಬೇರೆ ಬೇರೆ ಕಸುಬಿನವರ ಹತ್ತಿರ ಇದೆ. ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಯಲ್ಲಿ 3 ಮಿ.ಮೀ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ ಮತ್ತು ಅಕ್ರಿಲಿಕ್ ತುಂಡುಗಳು ಸಿಗುತ್ತವೆ. ಫ್ರಿಜ್, ಎಸಿ ರಿಪೇರಿ ಮಾಡುವವರ ಹತ್ತಿರ ಕ್ಯಾಪಿಲರಿ ಎಂಬ ಸಣ್ಣ ತಾಮ್ರದ ಕೊಳವೆ ಇರುತ್ತದೆ. ಅವರು ಎಸೆಯುವ ಗೇಣುದ್ದದ ತುಂಡುಗಳೇ ನಮಗೆ ಸಾಕು. ಹಿತ್ತಾಳೆ ಬೆಸುಗೆ ಕಡ್ಡಿ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ, 18 ನಂಬರ್ ಇಂಜೆಕ್ಷನ್ ಸೂಜಿ ಮೆಡಿಕಲ್‌ನಲ್ಲಿ. ಎಂ-ಸೀಲ್, ಅರಾಲ್ಡೈಟ್, ಫೆವಿಕ್ವಿಕ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಇರುತ್ತವೆ. ಅರ್ಧ ಮಿ.ಮೀ ಮತ್ತು 1 ಮಿ.ಮೀ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕು.

ಇನ್ನೊಂದು, ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಒಂದಡಿ ತುಂಡು. ಹೊರಗೆ ಇದನ್ನೇ ದುಡ್ಡು ಕೊಟ್ಟು ತರಿಸುತ್ತಾರೆ, ನಮ್ಮಲ್ಲಿ ಕಟ್ಟಡ ಕೆಲಸ ನಡೆಯುವ ಕಡೆ ಸುಮ್ನೆ ಬಿದ್ದಿರುತ್ತದೆ. ಅದರ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಭಾಗಗಳನ್ನು ಉಜ್ಜಿದರೆ ಅಂಚು ಸಮ ಬರುತ್ತದೆ. ಮೇಜಿನ ಮೇಲೆ ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ಗುಂಡಾಗುತ್ತದೆ. ತೋಪಿನಂಥ ಯಂತ್ರಕ್ಕೆ ಗುಂಡು ಅಂಚು ಒಪ್ಪುವುದಿಲ್ಲ.

ನಳಿಗೆ

ಎಲ್ಲಕ್ಕಿಂತ ಮೊದಲು ಕಣ್ಣು ಹೋಗುವುದು ಇದರ ಮೇಲೆ. ಇದು ಕೆಟ್ಟರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಸರಿಯಾದ ದಾರಿ ಲೇಥ್. ಕಪನೂರ ಕೈಗಾರಿಕಾ ಪ್ರದೇಶದ ಕಡೆ ಲೇಥ್ ಅಂಗಡಿಗಳಿವೆ. ಅಲ್ಯೂಮಿನಿಯಂ ಸರಳು ತಗೊಂಡು ಹೋಗಿ. ನಿಮ್ಮ ನಕ್ಷೆಯಲ್ಲಿ ನಳಿಗೆಯ ದಪ್ಪ ಭಾಗ ಎಷ್ಟಿದೆಯೋ ಅದಕ್ಕಿಂತ 1–2 ಮಿ.ಮೀ ಜಾಸ್ತಿ ದಪ್ಪ, ಉದ್ದ 220 ಮಿ.ಮೀ. ಹೆಚ್ಚಿಗೆ ಇರುವ 22 ಮಿ.ಮೀ ಚಕ್‌ನಲ್ಲಿ, ಅಂದರೆ ಲೇಥ್‌ನ ಹಿಡಿತದಲ್ಲಿ, ಹಿಡಿಯಲು.

ನಕ್ಷೆ ತಿಳಿಯಾಗಿ ಬರೆಯಿರಿ, ಪ್ರತಿ 20 ಮಿ.ಮೀಗೆ ವ್ಯಾಸ ಎಷ್ಟು ಎಂದು ಗುರುತು ಮಾಡಿ. ನಾನು ಮೊದಲ ಸಲ ನಳಿಗೆಯ ನಕ್ಷೆ ಮಾತ್ರ ಹಿಡಿದು ಹೋಗಿದ್ದೆ. ಲೇಥ್ ಮಿಸ್ತ್ರಿ ಕಾಕಾ ಹಾಳೆ ತಿರುಗಿಸಿ ಮುರುಗಿಸಿ ನೋಡಿ, “ಇದು ಬಂದೂಕಿನ ನಳಿಗಿ ಇದ್ದಂಗ ಅದಲ್ರೀ, ನಮಗ ಬ್ಯಾಡ್ರಿ” ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮರುದಿನ ಇಡೀ ಮಾದರಿಯ ಚಿತ್ರ, ಸಬ್‌ಮರೀನ್ ಫೋಟೊ ಎಲ್ಲ ತಗೊಂಡು ಹೋದೆ. ಗಟ್ಟಿ ಸರಳೇ ಇರಲಿ, ಬಾಯಿಯಲ್ಲಿ 10 ಮಿ.ಮೀ ಆಳದ ತೂತು ಸಾಕು ಎಂದೆ. ಆಮೇಲೆ ಅವರೇ ಕುರ್ಚಿ ಹಾಕಿ ಕೂರಿಸಿ ಮಾಡಿಕೊಟ್ಟರು. ನೀವೂ ಹಾಗೇ ಮಾಡಿ. ನಳಿಗೆಯನ್ನು ಎಂದಿಗೂ ಆರಪಾರು ಕೊರೆಸಬೇಡಿ. ಮಾದರಿಗೆ ಅದು ಬೇಕಾಗಿಯೂ ಇಲ್ಲ.

ಲೇಥ್ ಸಿಗದಿದ್ದರೆ ಡ್ರಿಲ್ ಮಷಿನ್ ಸಾಕು. ಸಾಗವಾನಿಯ ದುಂಡು ಕಡ್ಡಿಯನ್ನು ಚಕ್‌ಗೆ ಹಾಕಿ, ಇನ್ನೊಂದು ತುದಿಯನ್ನು ಮರದ ತುಂಡಿನಲ್ಲಿ ಮಾಡಿದ ತೂತಿಗೆ ಕೂರಿಸಿ. ನಿಧಾನ ವೇಗದಲ್ಲಿ ತಿರುಗಿಸುತ್ತಾ 80 ನಂಬರ್ ಪಾಲಿಶ್ ಪೇಪರ್ ಹಿಡಿಯಿರಿ, ಆಮೇಲೆ 220, ಕೊನೆಗೆ 400. ನಡುನಡುವೆ ನಿಲ್ಲಿಸಿ ಕ್ಯಾಲಿಪರ್ ಹಾಕಿ ನೋಡುತ್ತಿರಿ. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲ. ಮರದ ಗೀರು ಕಾಣದಂತೆ ಕಾರು ಪೇಂಟ್ ಅಂಗಡಿಯ ಎನ್‌ಸಿ ಪುಟ್ಟಿ ತೆಳ್ಳಗೆ ಎರಡು ಸಲ ಹಚ್ಚಿ ಉಜ್ಜಿ.

ಬಾಯಿಯ ಬಿರಡೆಯನ್ನು ಈಗಲೇ ಮಾಡಿಡಿ. ಸ್ಟೈರೀನ್ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಡ್ರಿಲ್‌ಗೆ ಹಾಕಿ ದುಂಡಗೆ ಉಜ್ಜಿದರೆ ಆಯಿತು. ನಳಿಗೆಯ ಬಾಯಿಗೂ ಬಿರಡೆಗೂ ನಡುವೆ ಕೂದಲೆಳೆಯಷ್ಟು ಗೆರೆ ಕಾಣುವಂತೆ ಬಿಡಿ. ಆ ಗೆರೆ ಇದ್ದರೇ ಇದು ಬೇರೆ ವಸ್ತು, ತೆಗೆಯಬಹುದಾದದ್ದು ಎಂದು ಕಣ್ಣಿಗೆ ತಿಳಿಯುತ್ತದೆ.

ಬ್ರೀಚ್, ಕ್ರೇಡಲ್, ಪೀಠ

ಬ್ರೀಚ್ ಎಂದರೆ ಹಿಂಬದಿಯ ದಪ್ಪ ಚೌಕ ಭಾಗ. ಗುಂಡು ತುರುಕಿದ ಮೇಲೆ ಒಂದು ಲೋಹದ ಗಟ್ಟಿ ಜಾರಿ ಬಂದು ಬಾಯಿ ಮುಚ್ಚುತ್ತದೆ. ನಮ್ಮ ನಿಮಿಷದಲ್ಲಿ ಅದು ಮುಚ್ಚಿದೆ. ಅಕ್ರಿಲಿಕ್ ತುಂಡುಗಳನ್ನು ಪದರ ಪದರವಾಗಿ ಅಂಟಿಸಿ ಗಟ್ಟಿ ಮಾಡಿಕೊಂಡು ಕಲ್ಲಿನ ಮೇಲೆ ಉಜ್ಜಿ ಆಕಾರಕ್ಕೆ ತನ್ನಿ. ಜಾರುವ ಗಟ್ಟಿಯ ಅಂಚನ್ನು ಚಾಕುವಿನ ಬೆನ್ನಿನಿಂದ ಗೀರಿ ತೋರಿಸಿದರೆ ಸಾಕು.

ನಳಿಗೆಯನ್ನು ಹೊತ್ತಿರುವ ಭಾಗ ಕ್ರೇಡಲ್. ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಜಾರಿ ಮತ್ತೆ ಮುಂದಕ್ಕೆ ಬರುವುದು ಇದರಲ್ಲಿ. ಹಾಗಾಗಿ ನಳಿಗೆ ಇದಕ್ಕೆ ಬೆಸೆದ ಹಾಗೆ ಕಾಣಬಾರದು, ಒಳಗೆ ಕೂತ ಹಾಗೆ ಕಾಣಬೇಕು. ನಳಿಗೆಗೆ ಒಂದು ಸುತ್ತು ತೆಳು ಕಾಗದ ಸುತ್ತಿ, ಅದರ ಮೇಲೆ ಕ್ರೇಡಲ್ ಕಟ್ಟಿ, ಆಮೇಲೆ ಕಾಗದ ಎಳೆದು ತೆಗೆಯಿರಿ. ಉಳಿಯುವ ಸಣ್ಣ ಸಂದಿಯೇ ನಿಜವಾದ ಯಂತ್ರದ ಭಾವ ಕೊಡುತ್ತದೆ. ನಾನು ಈ ಸಂದಿಯನ್ನು ಕಲಿಯಲು ಮೂರು ಮಾದರಿ ಹಿಡಿಯಿತು.

ಪೀಠ ಸುಲಭ. ಸನ್‌ಬೋರ್ಡ್ ಬಿಲ್ಲೆಗಳನ್ನು ಒಂದರ ಮೇಲೊಂದು ಹಾಕಿ, ಹೊರಗೆ ಅರ್ಧ ಮಿ.ಮೀ ಸ್ಟೈರೀನ್ ಸುತ್ತಿ. ಸನ್‌ಬೋರ್ಡ್‌ನ ಬದಿಯಲ್ಲಿ ಸಣ್ಣ ತೂತುಗಳಿರುತ್ತವೆ, ಬಣ್ಣದಲ್ಲಿ ಅವು ಎದ್ದು ಕಾಣುತ್ತವೆ. ಅದಕ್ಕೇ ಹೊರಗಿನ ಹೊದಿಕೆ. ನಳಿಗೆ ಭಾರ ಇರುವುದರಿಂದ ಪೀಠದ ನಡುವೆ 4 ಮಿ.ಮೀ ಬೋಲ್ಟ್ ಒಂದನ್ನು ಕೆಳಗಿನ ಹಲಗೆಯವರೆಗೆ ಇಳಿಸಿ ನಟ್ ಹಾಕಿ.

ಚಕ್ರಗಳು ಮತ್ತು ಒರಗು ದಿಂಬು

ತೋಪಿನ ಎರಡು ಬದಿಗೂ ಒಬ್ಬೊಬ್ಬ ನಾವಿಕ ನಿಲ್ಲುತ್ತಿದ್ದ. ಒಬ್ಬ ನಳಿಗೆ ಮೇಲೆ ಕೆಳಗೆ ಮಾಡುವವನು, ಇನ್ನೊಬ್ಬ ಎಡಕ್ಕೆ ಬಲಕ್ಕೆ ತಿರುಗಿಸುವವನು. ಇಬ್ಬರಿಗೂ ಕೈಚಕ್ರ.

ತಾಮ್ರದ ಕ್ಯಾಪಿಲರಿಯನ್ನು ಡ್ರಿಲ್ ಬಿಟ್‌ನ ದಪ್ಪ ಹಿಡಿಗೆ ಬಿಗಿಯಾಗಿ ಸುತ್ತಿ. ಬಿಟ್ಟ ಕೂಡಲೇ ಅದು ಸ್ವಲ್ಪ ಅಗಲವಾಗುತ್ತದೆ, ಹಾಗಾಗಿ ಬೇಕಾದ ಅಳತೆಗಿಂತ 1 ಮಿ.ಮೀ ಸಣ್ಣ ಬಿಟ್ ಆರಿಸಿ. ಒಂದೇ ಸುತ್ತು ಕತ್ತರಿಸಬೇಡಿ. ನಾಲ್ಕೈದು ಸುತ್ತು ಸುತ್ತಿ, ಒಟ್ಟಿಗೆ ಸೀಳಿದರೆ ನಾಲ್ಕೈದು ಒಂದೇ ಅಳತೆಯ ಉಂಗುರ ಸಿಗುತ್ತವೆ. ರಟ್ಟಿನ ಮೇಲೆ ಅದೇ ಅಳತೆಯ ವೃತ್ತ, ಅದರೊಳಗೆ ಕಡ್ಡಿಗಳ ಗೆರೆ ಬರೆದು, ಉಂಗುರವನ್ನು ಗುಂಡುಪಿನ್ನಿನಿಂದ ಹಿಡಿಸಿ. ಹಿತ್ತಾಳೆ ಕಡ್ಡಿಗಳನ್ನು ಗೆರೆಯ ಮೇಲೆ ಇಟ್ಟು ಸೋಲ್ಡರ್ ಹಾಕಿ. ಸೋಲ್ಡರ್ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ, ಅದರಲ್ಲಿ ಸೀಸ ಇರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ. ಹಳೆ ಫೋಟೊಗಳಲ್ಲಿ ತೋಪಿನ ಎರಡೂ ಪಕ್ಕ ಅರ್ಧಚಂದ್ರದ ಆಕಾರದ, ದಿಂಬು ಹೊದಿಸಿದ ಬಳೆಯಂಥದ್ದು ಕಾಣುತ್ತದೆ. ನೋಡಿದವರು ಇದು ಕುರ್ಚಿಯೋ ಏನೋ ಎಂದುಕೊಳ್ಳುತ್ತಾರೆ. ಅದು ನಾವಿಕ ಮೈ ಒರಗಿಸಿ ನಿಲ್ಲುವ ಜಾಗ. ಸಬ್‌ಮರೀನ್ ನೀರಿನ ಮೇಲೆ ಬಹಳ ಎತ್ತರ ಇರುವುದಿಲ್ಲ, ಅಲೆ ಬಂದರೆ ಡೆಕ್ ಮೇಲೆಯೇ ಹರಿದು ಹೋಗುತ್ತದೆ. ಹಡಗು ಎಡಬಲ ಓಲಾಡುತ್ತಿರುತ್ತದೆ. ಎರಡೂ ಕೈ ಚಕ್ರದ ಮೇಲೆ ಇರಬೇಕು, ಕಣ್ಣು ದುರ್ಬೀನಿಗೆ ಹಚ್ಚಿರಬೇಕು. ಅಂಥವನು ಬೀಳದೆ ನಿಲ್ಲಬೇಕೆಂದರೆ ಮೈಯನ್ನೇ ತೋಪಿಗೆ ಸಿಕ್ಕಿಸಿಕೊಳ್ಳಬೇಕು. ಅದರ ಮೇಲೆ ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳುತ್ತಿದ್ದರು. ಇದನ್ನು ತಿಳಿದ ಮೇಲೆ ಆ ದಿಂಬನ್ನು ಯಾರೂ ಅಡ್ಡಾದಿಡ್ಡಿ ಮಾಡಲಾರರು, ಅಲ್ವಾ?

ಹಿತ್ತಾಳೆ ಕಡ್ಡಿಯನ್ನು ಅರ್ಧಚಂದ್ರಕ್ಕೆ ಬಗ್ಗಿಸಿ. ಕೈಗೆ ತೆಳು ಗ್ಲೌಸ್ ಹಾಕಿಕೊಂಡು ಎಂ-ಸೀಲ್‌ನ ಎರಡೂ ಪಾಲು ಸಮ ತೆಗೆದುಕೊಂಡು, ಒಂದೇ ಬಣ್ಣ ಬರುವ ತನಕ ರೊಟ್ಟಿ ಹಿಟ್ಟು ನಾದುವ ಹಾಗೆ ನಾದಿ. ಬೆರಳಿಗೆ ಸ್ವಲ್ಪ ನೀರು ಹಚ್ಚಿಕೊಂಡು ಕಡ್ಡಿಯ ಮೇಲೆ ಸಮನಾಗಿ ಹೊದಿಸಿ. ಹತ್ತು ನಿಮಿಷ ಬಿಡಿ, ಸ್ವಲ್ಪ ಬಿಗಿಯಾಗಲಿ. ಆಮೇಲೆ ಸೂಜಿಯಿಂದ ನೆರಿಗೆ ಒತ್ತಿ. ನೆರಿಗೆ ಒಳಬಾಗಿನ ಕಡೆ ಜಾಸ್ತಿ, ಹೊರಗೆ ಕಡಿಮೆ. ಹೊಟ್ಟೆ ಒತ್ತುವ ಜಾಗದಲ್ಲಿ ಹೆಬ್ಬೆರಳಿನಿಂದ ಸ್ವಲ್ಪ ಅದುಮಿ ತಗ್ಗು ಮಾಡಿ. ಬೇಸಿಗೆಯಲ್ಲಿ ಎಂ-ಸೀಲ್ ಬೇಗ ಕಲ್ಲಾಗುತ್ತದೆ, ಒಂದೊಂದೇ ದಿಂಬಿಗೆ ಬೇಕಾದಷ್ಟೇ ನಾದಿಕೊಳ್ಳಿ.

ಬೋಲ್ಟುಗಳು

18 ನಂಬರ್ ಸೂಜಿಯ ಮೊನೆಯನ್ನು ಕಲ್ಲಿನ ಮೇಲೆ ಚಪ್ಪಟೆಗೆ ಉಜ್ಜಿ, ಹೊರ ಅಂಚನ್ನು ಹರಿತ ಮಾಡಿ. ಅರ್ಧ ಮಿ.ಮೀ ಸ್ಟೈರೀನ್ ಮೇಲೆ ಒತ್ತಿ ತಿರುಗಿಸಿದರೆ ಪುಟ್ಟ ಬಿಲ್ಲೆ ಹೊರಬರುತ್ತದೆ. ಸೂಜಿಯ ಒಳವ್ಯಾಸ 0.84 ಮಿ.ಮೀ, ಅಂದರೆ ನಿಜದ ಅಳತೆಯಲ್ಲಿ ಸುಮಾರು 17 ಮಿ.ಮೀ ತಲೆಯ ಬೋಲ್ಟು. ಒಳಗೆ ಸಿಕ್ಕಿಕೊಂಡದ್ದನ್ನು ಸಣ್ಣ ತಂತಿಯಿಂದ ತಳ್ಳಿ. ಒದ್ದೆ ಕುಂಚದ ತುದಿಯಿಂದ ಎತ್ತಿ ಜಾಗಕ್ಕೆ ಇಟ್ಟು, ಸ್ಟೈರೀನ್ ಅಂಟಿನ ಒಂದು ಹನಿ ಮುಟ್ಟಿಸಿ. ಪೀಠದ ಸುತ್ತ ಹಾಕುವಾಗ ಮೊದಲು ಪೆನ್ಸಿಲಿನಲ್ಲಿ ಸಮ ಅಂತರ ಗುರುತು ಮಾಡಿ. ಎಷ್ಟು ಬೋಲ್ಟು ಎಂದು ಫೋಟೊದಲ್ಲಿ ಎಣಿಸಿ ಹಾಕಿ, ಅಂದಾಜಿಗೆ ತುಂಬಬೇಡಿ.

ಫೆವಿಕ್ವಿಕ್ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ಆ ಅಂಟು ಗಟ್ಟಿಯಾಗುವುದು ಗಾಳಿಯಲ್ಲಿನ ತೇವದಿಂದ. ಏಪ್ರಿಲ್, ಮೇನಲ್ಲಿ ನಮ್ಮ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಹಿಡಿಯಲು ತಡವಾದರೆ ಅಂಟು ಕೆಟ್ಟಿದೆ ಎಂದು ಎಸೆಯಬೇಡಿ, ಅಂಟಿಸುವ ಜಾಗಕ್ಕೆ ಒಮ್ಮೆ ಬಾಯಿಂದ ಹಾ ಎಂದು ಉಸಿರು ಬಿಡಿ. ಹಿಡಿಯುತ್ತದೆ.

ಬಣ್ಣ

ಮೊದಲು ತಿಳಿ ಬೂದು ಪ್ರೈಮರ್. ಕಾರಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಕೆಲವು ಬಣ್ಣ ಸ್ಟೈರೀನ್ ಅನ್ನು ಕರಗಿಸಿ ಮೈಯೆಲ್ಲ ಬಿರುಕು ಮಾಡುತ್ತವೆ. ಒಂದು ಚೂರು ಹಾಳೆಯ ಮೇಲೆ ಹೊಡೆದು, ಒಂದು ದಿನ ಬಿಟ್ಟು ನೋಡಿಯೇ ಮಾದರಿಗೆ ಹೊಡೆಯಿರಿ.

ಹೊತ್ತು ಮುಖ್ಯ. 40 ಡಿಗ್ರಿ ದಾಟಿದ ದಿನ ಮಧ್ಯಾಹ್ನ ಸ್ಪ್ರೇ ಮಾಡಿದರೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ, ಮೈ ಮೇಲೆ ಮರಳಿನಂತೆ ಕೂರುತ್ತದೆ. ಬೆಳಿಗ್ಗೆ ಆರು, ಏಳು ಗಂಟೆಯೊಳಗೆ ಮುಗಿಸಿ. ಮಳೆಗಾಲದ ತೇವದ ದಿನ ಹೊಡೆದರೆ ವಾರ್ನಿಷ್ ಬೆಳ್ಳಗೆ ಮಬ್ಬಾಗುತ್ತದೆ. ಹೊಡೆದ ಕೂಡಲೇ ದೊಡ್ಡ ಪಾತ್ರೆ ಬೋರಲು ಹಾಕಿ ಮುಚ್ಚಿಡಿ, ಧೂಳು ಕೂರುವುದಿಲ್ಲ. ಅಕ್ರಿಲಿಕ್ ತೆಳು ಮಾಡಲು ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಬಿಳಿ ಕಲೆ ಬಿಡುತ್ತದೆ. ಫಿಲ್ಟರ್ ನೀರು ಬಳಸಿ.

ತುಕ್ಕು ಮತ್ತು ಕಿತ್ತ ಬಣ್ಣ ತೋರಿಸಲು ಕಲ್ಲುಪ್ಪಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತುಕ್ಕು ಹಿಡಿಯಬೇಕಾದ ಜಾಗಕ್ಕೆ ಮೊದಲು ಕಂದು ಬಣ್ಣ ಹಚ್ಚಿ, ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು ಒಣಗಿಸಿ. ಕಲ್ಲುಪ್ಪನ್ನು ಒರಳಿನಲ್ಲಿ ಒಂದೆರಡು ಏಟು ಜಜ್ಜಿ, ಹರಳು ಸಣ್ಣ ದೊಡ್ಡ ಕಲೆತಿರಲಿ. ಜಾಗಕ್ಕೆ ನೀರು ಹಚ್ಚಿ ಉಪ್ಪು ಉದುರಿಸಿ, ಒಣಗಲು ಬಿಡಿ. ಈಗ ಬೂದು ಬಣ್ಣ ಹೊಡೆಯಿರಿ. ಒಣಗಿದ ಮೇಲೆ ಒದ್ದೆ ಬ್ರಶ್ಶಿನಿಂದ ಉಪ್ಪನ್ನು ತಿಕ್ಕಿ ತೆಗೆದರೆ, ಅದು ಇದ್ದ ಕಡೆಯೆಲ್ಲ ಬಣ್ಣ ಕಿತ್ತು ಒಳಗಿನ ಕಂದು ಕಾಣುತ್ತದೆ. ಕೈಯಿಂದ ಚುಕ್ಕೆ ಇಟ್ಟರೆ ಈ ಅಡ್ಡಾದಿಡ್ಡಿ ಅಂಚು ಬರುವುದೇ ಇಲ್ಲ.

ಬೂದು ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ. ಸಣ್ಣ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುತ್ತದೆ.

ತುಕ್ಕು ಎಲ್ಲಿ, ಹೊಳಪು ಎಲ್ಲಿ

ಇಲ್ಲಿ ಹೆಚ್ಚಿನವರು ಕೈ ಬಿಗಿ ಹಿಡಿಯುವುದಿಲ್ಲ. ಉಪ್ಪು ನೀರಿನ ತೋಪು ಎಂದು ಇಡೀ ಮೈಗೆ ತುಕ್ಕು ಬಳಿಯುತ್ತಾರೆ. ಹಾಗಿದ್ದರೆ ಆ ತೋಪು ಗುಂಡು ಹಾರಿಸುತ್ತಲೇ ಇರಲಿಲ್ಲ. ನಾವಿಕರು ಅದನ್ನು ಒರೆಸಿ, ಗ್ರೀಸ್ ಹಚ್ಚಿ, ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಒಂದೊಂದು ಭಾಗಕ್ಕೂ ಈ ಪ್ರಶ್ನೆ ಕೇಳಿ: ಇಲ್ಲಿಗೆ ಒರೆಸುವ ಬಟ್ಟೆ ತಲುಪುತ್ತದೆಯೇ? ತಲುಪುವ ಕಡೆ ತುಕ್ಕಿಲ್ಲ. ಬ್ರೀಚ್‌ನ ಜಾರುವ ಮೈಗೆ ತುಕ್ಕಿಲ್ಲ, ಗ್ರೀಸಿನ ಕಪ್ಪು ಹೊಳಪು ಇದೆ. ಕೈಚಕ್ರದ ಅಂಚಿಗೆ ತುಕ್ಕಿಲ್ಲ, ಅಂಗೈ ಉಜ್ಜಿ ಲೋಹ ಬೆಳಗಿದೆ. ತುಕ್ಕು ಇರುವುದು ಪೀಠದ ಬುಡದಲ್ಲಿ, ಬೋಲ್ಟುಗಳ ಕೆಳಗೆ, ದಿಂಬಿನ ಕಡ್ಡಿ ಸೇರುವ ಮೂಲೆಯಲ್ಲಿ, ಕ್ರೇಡಲ್‌ನ ಹೊಟ್ಟೆಯಲ್ಲಿ.

ಬೆಳಗಿದ ಲೋಹಕ್ಕೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಸಾಕು. ಎಷ್ಟು ಉಜ್ಜಬೇಕು ಎಂಬ ಅನುಮಾನ ಬಂದರೆ ಒಂದು ಬಿದರಿ ಡಬ್ಬಿಯನ್ನು ಎದುರಿಗೆ ಇಟ್ಟುಕೊಳ್ಳಿ. ಹೊಳಪಿಲ್ಲದ ಕಪ್ಪಿನ ಮೇಲೆ ಬೆಳ್ಳಿ ಗೆರೆ ಎಷ್ಟು ಕಡಿಮೆ ಜಾಗ ಹಿಡಿದು ಎಷ್ಟು ಎದ್ದು ಕಾಣುತ್ತದೆ ನೋಡಿ. ನಮಗೂ ಅಷ್ಟೇ ಬೇಕು. ಬಿದರಿಯ ಆ ಕಪ್ಪನ್ನೇ ನಳಿಗೆಗೆ ಹಾಕಿಸಬಹುದಾ ಎಂದು ಒಬ್ಬರು ಕೇಳಿದ್ದರು. ಅದು ಸತು ಹೆಚ್ಚಿರುವ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣಿನಿಂದ ಬರಿಸುವ ಬಣ್ಣ. ನಮ್ಮ ಅಲ್ಯೂಮಿನಿಯಂಗೆ ಪೇಂಟೇ ಸರಿ.

ಆದರೆ ಬೀದರ್‌ನಿಂದ ನಮಗೆ ಬೇರೊಂದು ಉಪಕಾರ ಇದೆ. ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಕೆಂಪು ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ತುಕ್ಕೂ ಅದೇ. ಮನೆ ಪಾಯ ತೋಡಿದ ಕಡೆ ಬಿದ್ದಿರುವ ಒಂದು ತುಂಡು ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು ಕುಟ್ಟಿ, ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಕೋಟೆಯ ಕಲ್ಲನ್ನು ಮಾತ್ರ ಮುಟ್ಟಬೇಡಿ. ಈ ಪುಡಿಯನ್ನು ಒಣ ಕುಂಚದಲ್ಲಿ ಮೂಲೆಗಳಿಗೆ ತುಂಬಿ, ಟರ್ಪೆಂಟೈನ್ ಒಂದು ಹನಿ ಬಿಟ್ಟರೆ ಅಲ್ಲೇ ಕೂರುತ್ತದೆ. ನನ್ನ ಹತ್ತಿರ ವಿದೇಶದಿಂದ ತರಿಸಿದ ತುಕ್ಕು ಪುಡಿಯೂ ಒಂದು ಡಬ್ಬಿ ಇದೆ. ನಾನು ಕೈ ಹಾಕುವುದು ಬೀದರ್ ಪುಡಿಗೇ.

ಇಳಿದ ಗೆರೆಗಳಿಗೆ ಎಣ್ಣೆ ಬಣ್ಣ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ಸಾಸಿವೆಯಷ್ಟು ಚುಕ್ಕೆಯನ್ನು ಬೋಲ್ಟಿನ ಕೆಳಗೆ ಇಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ ಕುಂಚದಿಂದ ಕೆಳಕ್ಕೆ ಒಂದೇ ಎಳೆತ. ನೀರು ಹರಿಯುವುದು ಕೆಳಕ್ಕೇ, ಆದ್ದರಿಂದ ಒಂದು ಗೆರೆಯೂ ಅಡ್ಡ ಹೋಗಬಾರದು. ಉಪ್ಪಿನ ಬಿಳಿ ಪೊರೆ ನಳಿಗೆಯ ಬೆನ್ನಿನ ಮೇಲೆ ಬರುತ್ತದೆ, ಆದರೆ ಅದು ಒಣಗಿದ ತೋಪಿಗೆ ಮಾತ್ರ. ನಮ್ಮದು ಈಗಷ್ಟೇ ಎದ್ದದ್ದು, ಬಿಳಿ ಬೇಡ.

ಡೆಕ್ ಮತ್ತು ನೀರು

ಡೆಕ್‌ಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಉದ್ದಕ್ಕೆ ಸೀಳಿ ಹಲಗೆ ಮಾಡಿ. ಹಲಗೆಗಳ ನಡುವೆ ಸಂದಿ ಬಿಡಲೇಬೇಕು. ಮೇಲಿನ ಡೆಕ್ ಅಡಿಗೆ ಸಮುದ್ರದ ನೀರು ತುಂಬುತ್ತದೆ, ಎದ್ದಾಗ ಈ ಸಂದಿಗಳಿಂದಲೇ ಹರಿದು ಹೋಗುತ್ತದೆ. ಬಣ್ಣ ಕಪ್ಪಿಗೆ ಹತ್ತಿರದ ಕಂದು. ಹಳದಿ ಮರದ ಡೆಕ್ ನೋಡಲು ಚಂದ, ಆದರೆ ಅದು ಈ ಸಬ್‌ಮರೀನ್‌ನದ್ದಲ್ಲ.

ಕೊನೆಯದು ಒದ್ದೆತನ. ಮೊದಲು ಎಲ್ಲದಕ್ಕೂ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್. ಒಣಗಿದ ಮೇಲೆ ಹೊಳಪು ವಾರ್ನಿಷ್ ತೆಗೆದುಕೊಂಡು, ಕುಂಚದ ತುದಿಯಿಂದ ನೀರು ನಿಲ್ಲುವ ಕಡೆ ಮಾತ್ರ ಹಚ್ಚಿ: ಪೀಠದ ಬುಡ, ಹಲಗೆ ಸಂದಿಯ ಅಂಚು, ದಿಂಬಿನ ತಗ್ಗು, ಚಕ್ರದ ಕೆಳಗಿನ ಬಾಗು. ನಳಿಗೆಯ ಹೊಟ್ಟೆಯಡಿ ಉದ್ದಕ್ಕೆ ಒಂದು ತೆಳು ಗೆರೆ. ಹನಿ ತೋರಿಸಲು ಅರಾಲ್ಡೈಟ್‌ನ ಪಾರದರ್ಶಕ ಅಂಟನ್ನು ಕಲಸಿ, ಎಳೆ ಬರುವಷ್ಟು ಬಿಗಿಯಾಗುವ ತನಕ ಕಾದು, ಸೂಜಿಯ ಮೊನೆಯಲ್ಲಿ ಎತ್ತಿ ತೂಗಬಿಡಿ. 1:20ರಲ್ಲಿ ಹನಿ ಸಾಸಿವೆಗಿಂತ ಸಣ್ಣದಿರಬೇಕು. ಎರಡು ಚಕ್ರದ ಅಡಿಗೆ ಒಂದೊಂದು, ದಿಂಬಿನ ತುದಿಗೆ ಒಂದು. ಉಳಿದ ಒಂದನ್ನು ನಳಿಗೆಯ ಬಾಯಿಗೂ ಬಿರಡೆಗೂ ನಡುವೆ ನಾವು ಬಿಟ್ಟ ಆ ಕೂದಲೆಳೆಯ ಗೆರೆಯ ಕೆಳಗೆ, ಇನ್ನೇನು ಬೀಳುತ್ತದೆ ಎನ್ನುವ ಹಾಗೆ ಅಂಟಿಸಿ.